ಕೊಡಗಿನ ಕೆರೆ, ಜೌಗುಗಳಲ್ಲಿ ಅಪರೂಪದ ಮೀನುಗಳ ಸಮೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಬಾಣೆಗಳ (ಗುಡ್ಡದ ಇಳಿಜಾರಿನ ಜಮೀನು) ನಡುವೆ ಏರಿ ಕಟ್ಟಿದ ತೋಟದ ಕೆರೆ, ಅದರ ತಲೆಯಲ್ಲಿರುವ ಜೌಗು, ಕೋಡಿಯ ಕೆಳಗಿನ ತೋಡು (ಸಣ್ಣ ಹಳ್ಳ), ಆಮೇಲೆ ಗದ್ದೆಬಯಲು. ಕೊಡಗಿನ ಸಣ್ಣ ಮೀನುಗಳಿಗೆ ಇವು ನಾಲ್ಕು ಜಾಗಗಳಲ್ಲ, ವರ್ಷವಿಡೀ ಓಡಾಡುವ ಒಂದೇ ಮನೆ. ಕಾಲೇಜು ವಿದ್ಯಾರ್ಥಿಗಳು, ಪಂಚಾಯಿತಿಯ ಜೀವವೈವಿಧ್ಯ ಸಮಿತಿಯವರು ಮತ್ತು ತಮ್ಮ ತೋಟದ ಕೆರೆಯಲ್ಲಿ ಏನಿದೆ ಎಂದು ತಿಳಿಯಬಯಸುವ ಬೆಳೆಗಾರರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಕೆರೆಯ ಯಾವ ಭಾಗದಲ್ಲಿ ಹುಡುಕಬೇಕು? ದೋಣಿ ಬೇಕೇ?

ದೋಣಿ ಬೇಡ. ನಡುನೀರಿನಲ್ಲಿ ಸಿಗುವುದು ಹೆಚ್ಚಾಗಿ ಯಾರೋ ಬಿತ್ತನೆ ಬಿಟ್ಟ ಕಾಟ್ಲಾ, ರೋಹು ಮತ್ತು ತಾನಾಗಿ ತುಂಬಿಕೊಂಡ ತಿಲಾಪಿಯ. ಸ್ಥಳೀಯ ಸಣ್ಣ ಮೀನುಗಳು ಇರುವುದು ಅಂಚಿನಲ್ಲಿ: ತೋಡು ಬಂದು ಕೆರೆಗೆ ಸೇರುವ ಬಾಯಿ, ಜೊಂಡು ಮತ್ತು ನೈದಿಲೆಯ ನಡುವಿನ ಮೊಣಕಾಲುದ್ದ ನೀರು, ಕೋಡಿಯ ಕೆಳಗಿನ ಗುಂಡಿ, ತೂಬಿನಿಂದ ಗದ್ದೆಗೆ ಹೋಗುವ ಕಾಲುವೆ. ದಿನಕ್ಕೆ ಆರು ಗಂಟೆ ಕೆಲಸ ಮಾಡುವುದಾದರೆ ನಾಲ್ಕು ಗಂಟೆ ಇಲ್ಲೇ ಕಳೆಯಬೇಕು. ಏರಿಯ ಮೇಲೆ ನಿಂತು ನಾಲ್ಕು ಸಲ ಬೀಸುಬಲೆ ಹಾಕಿ ಬರೆದ ಪಟ್ಟಿ ಕೆರೆಯ ಪಟ್ಟಿ ಆಗುವುದಿಲ್ಲ, ಬೀಸುಬಲೆಯ ಪಟ್ಟಿ ಆಗುತ್ತದೆ ಅಷ್ಟೇ.

ಅಪರೂಪದ ಮೀನು ಎಂದರೆ ಯಾವುದು?

ಮೊದಲು ಕೆರೆಯ ನೀರು ಯಾವ ಕಡೆ ಹರಿಯುತ್ತದೆ ಎಂದು ನೋಡಿ. ಕಾವೇರಿ, ಹಾರಂಗಿ, ಲಕ್ಷ್ಮಣತೀರ್ಥ ಪೂರ್ವಕ್ಕೆ ಹೋಗುತ್ತವೆ. ಬರಪೊಳೆ, ಪಯಸ್ವಿನಿ, ಪುಷ್ಪಗಿರಿ ಕಡೆಯ ಕುಮಾರಧಾರಾ ಪಶ್ಚಿಮಕ್ಕೆ. ಒಂದೇ ಗುಡ್ಡದ ಆಚೆ ಈಚೆ ಮೀನುಗಳ ಪಟ್ಟಿ ಬದಲಾಗುತ್ತದೆ. ಹಾಗಾಗಿ ಸಮೀಕ್ಷೆಯ ನಮೂನೆಯ ಮೊದಲ ಸಾಲಿನಲ್ಲೇ ಯಾವ ಹೊಳೆಯ ಜಲಾನಯನ ಎಂದು ಬರೆಯಬೇಕು. ತಾಲ್ಲೂಕಿನ ಹೆಸರಿಗಿಂತ ಅದು ಮುಖ್ಯ.

ಕಾವೇರಿ ಕಡೆ ಗಮನವಿಡಬೇಕಾದವುಗಳಲ್ಲಿ ಮುಖ್ಯವಾದದ್ದು ಡಾಕಿನ್ಸಿಯಾ ಅರುಲಿಯಸ್. ಮೈಮೇಲೆ ಕಪ್ಪು ಮಚ್ಚೆಗಳಿರುವ ಈ ಗೆಂಡೆ ಜಾತಿಯ ಮೀನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ಅಳಿವಿನಂಚಿನಲ್ಲಿದೆ. ಎಸ್. ಎಲ್. ಹೋರಾ 1937ರಲ್ಲಿ ಹೆಸರಿಟ್ಟ ಪೆಥಿಯಾ ನಾರಾಯಣಿ ಬೆರಳುದ್ದವೂ ಇಲ್ಲದ ಇನ್ನೊಂದು ಕಾವೇರಿ ಮೀನು. ಜೌಗಿನಲ್ಲಿ ನಮ್ಮ ಸ್ಥಳೀಯ ಮುರುಗೋಡು ಕ್ಲೇರಿಯಸ್ ಡುಸ್ಸುಮಿಯೆರಿ ಸಿಕ್ಕರೆ ಅದೂ ದಾಖಲಿಸತಕ್ಕದ್ದೇ, ಏಕೆಂದರೆ ಅದರ ಜಾಗವನ್ನು ಆಫ್ರಿಕನ್ ಕ್ಯಾಟ್‌ಫಿಶ್ ಹಿಡಿಯುತ್ತಿದೆ.

ಪಟ್ಟಿಯಲ್ಲಿಲ್ಲದ ಸಾಮಾನ್ಯ ಮೀನನ್ನೂ ಬಿಡಬೇಡಿ. ಸಸಲು, ಪಕ್ಕೆ ಮೀನುಗಳು ಒಂದು ಕೆರೆಯಿಂದ ಮಾಯವಾದರೆ ಅಲ್ಲಿ ಅಪರೂಪದ್ದು ಉಳಿದಿರುವ ಸಂಭವ ಇನ್ನೂ ಕಡಿಮೆ.

ಕೆರೆಯಲ್ಲಿ ಮಹಶೀರ್ ಇದೆ ಎನ್ನುತ್ತಾರೆ. ಇರಬಹುದೇ?

ಇದ್ದರೆ ಯಾರೋ ತಂದು ಬಿಟ್ಟದ್ದು. ಕಾವೇರಿಯ ಡುಬ್ಬ ಬೆನ್ನಿನ ಮಹಶೀರ್ ಹರಿಯುವ ಹೊಳೆಯ ಆಳದ ಮಡುಗಳ ಮೀನು. ಅದರ ವೈಜ್ಞಾನಿಕ ಹೆಸರು ಟಾರ್ ರೆಮದೇವಿ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಐಯುಸಿಎನ್ ಅದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಕೆರೆಗಳಲ್ಲಿ ಕಾಣುವುದು ಸಾಮಾನ್ಯವಾಗಿ ಮರಿ ಉತ್ಪಾದನಾ ಕೇಂದ್ರಗಳಿಂದ ಬಂದ ನೀಲಿ ರೆಕ್ಕೆಯ ಟಾರ್ ಖುದ್ರೀ. ಪುಣ್ಯ ಬರುತ್ತದೆಂದು ಅದನ್ನು ಹಿಡಿದು ಹೊಳೆಗೆ ಬಿಡುವವರಿದ್ದಾರೆ. ಹಾಗೆ ಮಾಡಲೇಬಾರದು.

ಯಾರ ಅನುಮತಿ ಬೇಕು?

ತೋಟದ ಕೆರೆಯಾದರೆ ಮಾಲೀಕರದು. ಫೋನಿನಲ್ಲಿ ಅವರು ಹೂಂ ಎಂದರೆ ಸಾಲದು, ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೂ ಮುಂಚೆಯೇ ಹೇಳಿಸಿ, ಇಲ್ಲವಾದರೆ ಬೆಳಗ್ಗೆ ಗೇಟಿನಲ್ಲೇ ದಿನ ಮುಗಿಯುತ್ತದೆ. ಊರ ಕೆರೆಯಾದರೆ ಗ್ರಾಮ ಪಂಚಾಯಿತಿ ಮತ್ತು ಮೀನುಗಾರಿಕೆ ಇಲಾಖೆ. ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆದಾರರನ್ನೂ ಕೇಳಬೇಕು. ಮೀಸಲು ಅರಣ್ಯಕ್ಕೆ ಮಡಿಕೇರಿ ಅಥವಾ ವಿರಾಜಪೇಟೆ ಅರಣ್ಯ ವಿಭಾಗದ ಕಚೇರಿ. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ವನ್ಯಧಾಮಗಳು ಮತ್ತು ನಾಗರಹೊಳೆಯ ಒಳಗಿನ ಹಡ್ಲುಗಳಿಗೆ (ಕಾಡಿನ ನಡುವಿನ ಜೌಗು ಹುಲ್ಲುಬಯಲು) 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಪರವಾನಗಿ ಬೇಕು. ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಅಕ್ಟೋಬರ್‌ನಲ್ಲಿ ಕೆಲಸ ಆಗಬೇಕಿದ್ದರೆ ಬೇಸಿಗೆಯಲ್ಲೇ ಅರ್ಜಿ ಹಾಕಿ.

ದೇವರಕಾಡು ಮತ್ತು ದೇವಸ್ಥಾನದ ಕೆರೆಗಳಲ್ಲಿ ಕಾಗದಕ್ಕಿಂತ ಸಮಿತಿಯ ಹಿರಿಯರ ಮಾತು ದೊಡ್ಡದು. ಬಲೆ ಹಾಕಬಾರದು ಎಂದರೆ ದುರ್ಬೀನು ಮತ್ತು ನೀರೊಳಗಿನ ಕ್ಯಾಮೆರಾದಲ್ಲಿ ಆದಷ್ಟು ನೋಡಿ ಬನ್ನಿ. ಸೋಮವಾರಪೇಟೆ ಹತ್ತಿರದ ಹೊನ್ನಮ್ಮನ ಕೆರೆಯಂಥ ಜಾಗಕ್ಕೆ ಗೌರಿ ಹಬ್ಬದ ಬಾಗಿನದ ಹೊತ್ತಿಗೆ ಹೋಗುವುದು ಬೇಡ.

ಯಾವ ತಿಂಗಳು ಒಳ್ಳೆಯದು?

ಒಂದೇ ಸಲ ಹೋಗುವುದಾದರೆ ಅಕ್ಟೋಬರ್ ಕೊನೆಯಿಂದ ನವೆಂಬರ್: ಮಳೆ ಇಳಿದಿರುತ್ತದೆ, ನೀರು ತಿಳಿಯಾಗುತ್ತಿರುತ್ತದೆ, ಆ ವರ್ಷದ ಮರಿಗಳು ಗುರುತು ಸಿಗುವಷ್ಟು ಬೆಳೆದಿರುತ್ತವೆ. ಸಾಧ್ಯವಾದರೆ ಜನವರಿಯಲ್ಲೊಮ್ಮೆ, ಮುಂಗಾರಿಗೆ ಮೊದಲು ಏಪ್ರಿಲ್–ಮೇನಲ್ಲೊಮ್ಮೆ ಸೇರಿಸಿ ಮೂರು ಸುತ್ತು ಮಾಡಿ.

ಫೆಬ್ರವರಿ–ಮಾರ್ಚ್‌ನ ಲೆಕ್ಕದಲ್ಲಿ ಎಚ್ಚರ ಬೇಕು. ಕಾಫಿ ಹೂವಿಗಾಗಿ ಸ್ಪ್ರಿಂಕ್ಲರ್ ಓಡುವ ಕಾಲ ಅದು. ಡೀಸೆಲ್ ಪಂಪು ಕೆರೆಯ ನೀರನ್ನು ಕೆಲವೇ ದಿನಗಳಲ್ಲಿ ಅರ್ಧಕ್ಕೆ ಇಳಿಸುತ್ತದೆ. ಉಳಿದ ನೀರಿನಲ್ಲಿ ಮೀನು ಒತ್ತಾಗಿ ಸೇರುವುದರಿಂದ ಬಲೆಗೆ ಮೂರು ಪಟ್ಟು ಬೀಳಬಹುದು. ಮೀನು ಹೆಚ್ಚಿಲ್ಲ, ನೀರು ಕಡಿಮೆಯಾಗಿದೆ. ಇದನ್ನು ಹಿಡಿಯಲು ಒಂದೇ ದಾರಿ: ತೂಬಿನ ಕಲ್ಲಿನ ಮೇಲೆ ಬಣ್ಣದಿಂದ ಒಂದು ಗೆರೆ ಎಳೆದು, ಪ್ರತಿ ಸಲವೂ ನೀರು ಅದಕ್ಕಿಂತ ಎಷ್ಟು ಸೆಂ.ಮೀ. ಕೆಳಗಿದೆ ಎಂದು ಅಳೆದು ಬರೆಯುವುದು. ಪಂಪಿನ ಹೀರುಕೊಳವೆಗೆ ಎಂಥ ಜಾಲರಿ ಇದೆ ಎಂಬುದನ್ನೂ ನೋಡಿ. ಜಾಲರಿ ಹರಿದಿದ್ದರೆ ಮರಿಗಳೆಲ್ಲ ಕಾಫಿ ಗಿಡದ ಬುಡಕ್ಕೆ ಹೋಗುತ್ತವೆ.

ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಬಲೆ ಇಳಿಸಬೇಡಿ. ಮೊದಲ ಜೋರು ಮಳೆಗೆ ಮೀನುಗಳು ತೋಡು ಹತ್ತಿ ಗದ್ದೆಗೆ ಬಂದು ಮೊಟ್ಟೆಯಿಡುತ್ತವೆ. ಮಲೆನಾಡಿನವರು ಹತ್ತುಮೀನು ಎನ್ನುವುದು ಇದನ್ನೇ. ಆ ಕಾಲದಲ್ಲಿ ಮಾಡಬಹುದಾದ್ದು ಬದುವಿನ ಮೇಲೆ ನಿಂತು, ಯಾವ ಕಾಲುವೆಯಲ್ಲಿ ಏರುತ್ತಿವೆ, ಎಲ್ಲಿ ಕೂಳಿ (ಮೀನು ಹಿಡಿಯುವ ಬಿದಿರಿನ ಬುಟ್ಟಿ) ಇಟ್ಟಿದ್ದಾರೆ, ಎಲ್ಲಿ ಸಿಮೆಂಟ್ ಮೋರಿಯ ಎತ್ತರಕ್ಕೆ ಹಾರಲಾಗದೆ ನಿಂತಿವೆ ಎಂದು ಗುರುತು ಹಾಕಿಕೊಳ್ಳುವುದು. ನಕ್ಷೆಯಲ್ಲಿ ಈ ಮೋರಿಗಳ ಗುರುತು ಇಡೀ ಸಮೀಕ್ಷೆಯ ಅತ್ಯಂತ ಉಪಯುಕ್ತ ಮಾಹಿತಿ ಆಗಬಹುದು.

ಯಾವ ಬಲೆ, ಎಷ್ಟು ಹೊತ್ತು?

ಒಂದೇ ಬಲೆಯಿಂದ ಆಗುವುದಿಲ್ಲ, ಮೂರು ಬೇಕು.

ಕೈಬಲೆ: 40 ಸೆಂ.ಮೀ. ಅಗಲದ ಚೌಕಟ್ಟು, 3–4 ಮಿ.ಮೀ. ಕಣ್ಣು, ಗಂಟಿಲ್ಲದ ಮೆತ್ತನೆ ಬಟ್ಟೆಬಲೆ. ಜೊಂಡಿನ ಬುಡದಲ್ಲಿ, ತೇಲುವ ಗಿಡದ ಬೇರಿನ ಕೆಳಗೆ, ಕಾಲುವೆಯ ಅಂಚಿನಲ್ಲಿ 10 ಮೀಟರ್ ಉದ್ದದ ಪಟ್ಟಿಗೆ 20 ಗೋರುಗಳು. ಗಂಟಿರುವ ನೈಲಾನ್ ಬಲೆ ಅಗ್ಗ, ಆದರೆ ಹುರುಪೆ ಕಿತ್ತುಬರುತ್ತದೆ.

ಎಳೆಬಲೆ: 6–8 ಮೀಟರ್ ಉದ್ದ, ಒಂದೂವರೆ ಮೀಟರ್ ಎತ್ತರ, 5 ಮಿ.ಮೀ. ಕಣ್ಣು. ಇಬ್ಬರು ಹಿಡಿದು ದಡದತ್ತ ಎಳೆಯಬೇಕು. ಕೆಡುವುದು ಯಾವಾಗಲೂ ಒಂದೇ ಕಡೆ: ಸೀಸದ ಅಂಚು ಕೊರಡಿಗೋ ಕಲ್ಲಿಗೋ ಸಿಕ್ಕಿ ಮೇಲೇಳುತ್ತದೆ, ತಳದ ಮೀನೆಲ್ಲ ಅಡಿಯಿಂದ ತಪ್ಪಿಸಿಕೊಳ್ಳುತ್ತವೆ. ಹಾಗಾದ ಎಳೆತವನ್ನು ಲೆಕ್ಕದಿಂದ ಬಿಟ್ಟು, 20 ಮೀಟರ್ ಆಚೆ ಹೊಸದಾಗಿ ಎಳೆಯಿರಿ. ಮೂರು ಅಡಿಗಿಂತ ಆಳದ ಕೆಸರಿನಲ್ಲಿ ಇದು ನಡೆಯುವುದಿಲ್ಲ.

ಪಂಜರ: 25 ಸೆಂ.ಮೀ. ಚೌಕ, 45 ಸೆಂ.ಮೀ. ಉದ್ದ, 5–6 ಸೆಂ.ಮೀ. ಬಾಯಿ. ಒಳಗೆ ತವುಡು ಮತ್ತು ಕಡಲೆಕಾಯಿ ಹಿಂಡಿಯ ಉಂಡೆ. ಸಂಜೆ ಇಟ್ಟು ಬೆಳಕು ಹರಿಯುತ್ತಲೇ ಎತ್ತಬೇಕು. ಪಂಜರದ ಮೇಲ್ಭಾಗ ಮೂರನೇ ಒಂದರಷ್ಟು ನೀರಿನ ಮೇಲೆ ಇರಲೇಬೇಕು. ಕೊರವ, ಮುರುಗೋಡು, ಚೇಳುಮೀನುಗಳಿಗೆ ಮೇಲಿನ ಗಾಳಿ ಬೇಕು. ಪೂರ್ತಿ ಮುಳುಗಿಸಿದರೆ ಬೆಳಗ್ಗೆ ಸಿಗುವುದು ಸತ್ತ ಮೀನು, ಜೊತೆಗೆ ಸತ್ತ ಆಮೆ, ನೀರು ಹಾವು. ಬಾಯಿಯನ್ನು ಇದಕ್ಕಿಂತ ದೊಡ್ಡದು ಮಾಡಿದರೆ ನೀರುನಾಯಿ ಮರಿ ನುಗ್ಗುವ ಅಪಾಯವಿದೆ.

ನಿಲ್ಲಿಸಿ ಬಿಡುವ ಗಿಲ್ ಬಲೆ ಅಪರೂಪದ ಮೀನಿನ ಸಮೀಕ್ಷೆಗೆ ತಕ್ಕದ್ದಲ್ಲ. ಕಿವಿರಿಗೆ ಸಿಕ್ಕಿದ ಮೀನು ಬದುಕುವುದು ಕಡಿಮೆ. ಕರೆಂಟ್ ಹಾಯಿಸುವುದು, ವಿಷದ ಕಾಯಿ ಅರೆದು ಹಾಕುವುದು, ಸುಣ್ಣ ಕದಡುವುದು, ಇವುಗಳ ಮಾತೇ ಬೇಡ.

ಪ್ರತಿ ಬಲೆಗೂ ಶ್ರಮದ ಲೆಕ್ಕ ಬರೆಯಿರಿ: ಎಷ್ಟು ಗೋರು, ಎಷ್ಟು ಮೀಟರ್ ಎಳೆತ, ಎಷ್ಟು ಪಂಜರ, ಎಷ್ಟು ಗಂಟೆ. ಇದಿಲ್ಲದೆ "14 ಮೀನು ಸಿಕ್ಕಿತು" ಎಂಬುದನ್ನು ಮುಂದಿನ ವರ್ಷದ ಯಾವ ಸಂಖ್ಯೆಯ ಪಕ್ಕದಲ್ಲೂ ಇಡಲಾಗದು.

ಹಿಡಿದ ಮೀನು ಸಾಯುತ್ತಿವೆ. ಏನು ತಪ್ಪಾಗುತ್ತಿದೆ?

ಹತ್ತರಲ್ಲಿ ಒಂಬತ್ತು ಸಲ ಬಕೆಟ್. 20 ಲೀಟರ್ ಬಕೆಟ್‌ನಲ್ಲಿ ಬೆರಳುದ್ದದ ಮೀನು 20ಕ್ಕಿಂತ ಹೆಚ್ಚು ಹಾಕಬಾರದು. ಬಕೆಟ್ ನೆರಳಿನಲ್ಲಿರಲಿ, ಬ್ಯಾಟರಿ ಏರೇಟರ್ ಓಡುತ್ತಿರಲಿ, ಕಾಲು ಗಂಟೆಗೊಮ್ಮೆ ಅರ್ಧ ನೀರು ಬದಲಿಸಿ. ಬಕೆಟ್ ಮತ್ತು ಕೆರೆಯ ನೀರಿನ ಉಷ್ಣತೆಯಲ್ಲಿ 2 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕೆಲಸ ನಿಲ್ಲಿಸಿ. ಚೇಳುಮೀನು, ಕೊರವಗಳನ್ನು ಸಣ್ಣ ಮೀನಿನ ಜೊತೆ ಹಾಕಿದರೆ ಲೆಕ್ಕ ಮಾಡುವಷ್ಟರಲ್ಲಿ ಲೆಕ್ಕವೇ ಕಡಿಮೆಯಾಗಿರುತ್ತದೆ.

ಎರಡನೆಯದು ಒಣ ಕೈ. ಮೈಮೇಲಿನ ಲೋಳೆ ಹೋದರೆ ಮೀನು ಆಗ ಈಜಿಕೊಂಡು ಹೋದರೂ ನಾಲ್ಕು ದಿನದಲ್ಲಿ ಬೂಷ್ಟು ಹಿಡಿದು ಸಾಯುತ್ತದೆ. ಸನ್‌ಸ್ಕ್ರೀನ್, ಸೊಳ್ಳೆ ಮುಲಾಮು, ಇಂಬಳಕ್ಕೆ ಹಚ್ಚಿದ ಹೊಗೆಸೊಪ್ಪಿನ ನೀರು ಯಾವುದೂ ಕೈಯಲ್ಲಿರಬಾರದು.

ಅಳತೆಗೆ, ಚಿತ್ರಕ್ಕೆ ಮೀನು ಸುಮ್ಮನಿರಬೇಕಾದರೆ ಲವಂಗದ ಎಣ್ಣೆ ಸಾಕು. ಅದು ನೀರಿನಲ್ಲಿ ನೇರವಾಗಿ ಕರಗುವುದಿಲ್ಲ, ಮೇಲೆ ತೇಲಿ ಕಿವಿರಿಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ 1 ಭಾಗ ಎಣ್ಣೆಯನ್ನು 9 ಭಾಗ ಇಥೈಲ್ ಆಲ್ಕೋಹಾಲ್‌ನಲ್ಲಿ ಬೆರೆಸಿಟ್ಟುಕೊಂಡು, ಆ ಮಿಶ್ರಣವನ್ನು ಲೀಟರ್ ನೀರಿಗೆ ಅರ್ಧ ಮಿ.ಲೀ. ಹಾಕಿ ಚೆನ್ನಾಗಿ ಕಲಕಿ. ಒಂದೆರಡು ನಿಮಿಷಕ್ಕೆ ಮೀನು ವಾಲುತ್ತದೆ. ತಕ್ಷಣ ತೆಗೆದು, ಮೂರು ನಿಮಿಷದೊಳಗೆ ಕೆಲಸ ಮುಗಿಸಿ, ತಿಳಿನೀರಿನ ಬೇರೆ ಬಕೆಟ್‌ಗೆ ಬಿಡಿ. ನೆಟ್ಟಗೆ ಈಜಲು ಶುರು ಮಾಡಿದ ಮೇಲೆ, ಹಿಡಿದ ಜಾಗದಲ್ಲೇ, ಗಿಡದ ಮರೆಯಲ್ಲಿ ಬಿಡಬೇಕು. ಹೀಗೆ ಮಂಪರು ಹಿಡಿಸಿದ ಮೀನನ್ನು ಸಾರಿಗೆ ಕೇಳಿದರೆ ಕೊಡಬೇಡಿ.

ಹೆಸರು ಪತ್ತೆ ಮಾಡುವುದು ಹೇಗೆ?

ಚಿತ್ರ ಸರಿಯಾಗಿದ್ದರೆ ಅರ್ಧ ಕೆಲಸ ಆಯಿತು. 20 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಗಾಜಿನ ತೊಟ್ಟಿ, ಹಿಂದೆ ಬೂದು ಹಾಳೆ, ಒಂದು ಸ್ಕೇಲು. ಮೀನಿನ ತಲೆ ಎಡಕ್ಕಿರಲಿ, ಎಲ್ಲ ರೆಕ್ಕೆಗಳೂ ಬಿಚ್ಚಿರಲಿ. ಇನ್ನೊಂದು ಚಿತ್ರ ಬಾಯಿಯದು, ಮೀಸೆ ಎಷ್ಟಿವೆ ಎಂದು ಕಾಣುವಂತೆ. ಅಂಗೈ ಮೇಲಿಟ್ಟು ತೆಗೆದ ಚಿತ್ರದಿಂದ ಯಾರೂ ಏನೂ ಹೇಳಲಾರರು.

ಸಾಮಾನ್ಯ ಗೊಂದಲಗಳು ಇವು. ಪೆಥಿಯಾ ಮತ್ತು ಪುಂಟಿಯಸ್: ಬೆನ್ನಿನ ರೆಕ್ಕೆಯ ಕೊನೆಯ ಕವಲೊಡೆಯದ ಕಡ್ಡಿಯನ್ನು ಭೂತಗನ್ನಡಿಯಲ್ಲಿ ನೋಡಿ, ಹಿಂಬದಿಯಲ್ಲಿ ಗರಗಸದ ಹಲ್ಲಿದ್ದರೆ ಪೆಥಿಯಾ, ನುಣುಪಾಗಿದ್ದರೆ ಪುಂಟಿಯಸ್. ಡಾಕಿನ್ಸಿಯಾ ಮರಿಗಳು: ಮೈಮೇಲಿನ ಗುರುತು ಬೆಳೆದ ಮೀನಿನಂತಿರುವುದಿಲ್ಲ, ಆದ್ದರಿಂದ 4 ಸೆಂ.ಮೀ.ಗಿಂತ ಚಿಕ್ಕದನ್ನು ಡಾಕಿನ್ಸಿಯಾ ಎಂದಷ್ಟೇ ಬರೆದು ನಿಲ್ಲಿಸಿ. ನೀರಿನ ಮೇಲ್ಮೈಯಲ್ಲಿ ಸುಳಿಯುವ ಸಣ್ಣ ಮೀನು: ಮೇಲಿನಿಂದ ನೋಡಿದಾಗ ನೆತ್ತಿಯಲ್ಲಿ ಬೆಳ್ಳಿ ಚುಕ್ಕೆ ಹೊಳೆದರೆ ನಮ್ಮ ಅಪ್ಲೋಚೈಲಸ್, ಚುಕ್ಕೆ ಇಲ್ಲದೆ, ಹೆಣ್ಣಿನ ಹೊಟ್ಟೆಯ ಹಿಂಭಾಗದಲ್ಲಿ ಕಪ್ಪು ಕಲೆಯಿದ್ದರೆ ಸೊಳ್ಳೆ ನಿಯಂತ್ರಣಕ್ಕೆಂದು ತಂದು ಬಿಟ್ಟ ಗ್ಯಾಂಬೂಸಿಯಾ. ಮುರುಗೋಡು ಅರ್ಧ ಮೀಟರ್ ಉದ್ದವಿದ್ದರೆ ಆಫ್ರಿಕನ್ ಎಂದು ಅನುಮಾನಿಸಿ.

ಊರಿನ ಹೆಸರನ್ನೂ ಬರೆದುಕೊಳ್ಳಿ, ಆದರೆ ಒಂದು ಹೆಸರು ಒಂದೇ ಜಾತಿ ಎಂದು ತಿಳಿಯಬೇಡಿ.

ಹಿರಿಯರನ್ನು ಕೇಳಿದರೆ ಸಾಕಲ್ಲವೇ?

ಕೇಳಲೇಬೇಕು. ಗದ್ದೆ ಮಾಡಿದವರಿಗೆ, ಮೀನು, ಏಡಿ ಹಿಡಿದು ಗೊತ್ತಿರುವ ಯರವ, ಕುರುಬ ಸಮುದಾಯದ ಹಿರಿಯರಿಗೆ ಯಾವ ಗುಂಡಿ ಬೇಸಿಗೆಯಲ್ಲೂ ಬತ್ತುವುದಿಲ್ಲ ಎಂಬುದು ತಿಳಿದಿರುತ್ತದೆ. ಜೊತೆಗೆ ಕರೆದುಕೊಂಡು ಹೋದರೆ ಆ ದಿನದ ಕೂಲಿ ಕೊಡಿ. ಚಿತ್ರಗಳನ್ನು ತೋರಿಸಿ ಕೇಳುವಾಗ ಕೊಡಗಿನಲ್ಲಿ ಇರಲು ಸಾಧ್ಯವೇ ಇಲ್ಲದ ಒಂದೆರಡು ಮೀನಿನ ಚಿತ್ರ ಸೇರಿಸಿಡಿ. ಅದನ್ನೂ "ಇದೆ" ಎಂದರೆ, ನಿಮ್ಮ ಮನಸ್ಸು ನೋಯಿಸಬಾರದೆಂದು ಹೇಳುತ್ತಿದ್ದಾರೆ ಎಂದು ತಿಳಿದುಕೊಳ್ಳಿ. ಮಾತಿನಿಂದ ಬಂದದ್ದನ್ನು ಬೇರೆ ಪಟ್ಟಿಯಲ್ಲಿಡಿ, ಬಲೆಗೆ ಬಂದದ್ದರ ಜೊತೆ ಬೆರೆಸಬೇಡಿ.

ನೀರಿನಲ್ಲಿ ಏನೇನು ಅಳೆಯಬೇಕು?

ಉಷ್ಣತೆ, ಪಿಎಚ್, ವಿದ್ಯುತ್ ವಾಹಕತೆ, ಕರಗಿದ ಆಮ್ಲಜನಕ, ನೀರಿನ ತಿಳಿ. ತಿಳಿಗೆ 20 ಸೆಂ.ಮೀ. ವ್ಯಾಸದ ಕಪ್ಪು ಬಿಳುಪು ತಟ್ಟೆ ಸಾಕು. ಪಿಎಚ್ ಮೀಟರನ್ನು ಅದೇ ದಿನ ಬೆಳಗ್ಗೆ 4 ಮತ್ತು 7ರ ದ್ರಾವಣದಲ್ಲಿ ಸರಿಪಡಿಸಿ.

ಆಮ್ಲಜನಕದ ಅಳತೆಯಲ್ಲಿ ಎರಡು ಕಡೆ ಎಡವುತ್ತಾರೆ. ಮೊದಲನೆಯದು ಎತ್ತರ. 25 ಡಿಗ್ರಿಯಲ್ಲಿ ಸಮುದ್ರಮಟ್ಟದ ನೀರು ಲೀಟರಿಗೆ ಸುಮಾರು 8.2 ಮಿ.ಗ್ರಾಂ. ಆಮ್ಲಜನಕ ಹಿಡಿದರೆ, 900 ಮೀಟರ್ ಎತ್ತರದಲ್ಲಿ ಸುಮಾರು 7.4 ಅಷ್ಟೇ. ಮೀಟರಿನಲ್ಲಿ ಎತ್ತರವನ್ನು ನಮೂದಿಸದಿದ್ದರೆ ಅಳತೆಯೇ ತಪ್ಪುತ್ತದೆ. ಎರಡನೆಯದು ಹೊತ್ತು. ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನ 9 ಇದ್ದದ್ದು ಸೂರ್ಯ ಹುಟ್ಟುವ ಮುನ್ನ 2ಕ್ಕೆ ಇಳಿದಿರಬಹುದು. ಮೀನು ಸಾಯುವುದು ಆ ಹೊತ್ತಿನಲ್ಲಿ. ಪಂಜರ ಎತ್ತಲು ಹೇಗೂ ಬೆಳಗಿನ ಜಾವ ಹೋಗುತ್ತೀರಿ, ಆಗಲೇ ಅಳೆಯಿರಿ. 4ಕ್ಕಿಂತ ಕಡಿಮೆಯಿದ್ದರೆ ಹೆಚ್ಚಿನ ಮೀನುಗಳಿಗೆ ಕಷ್ಟ.

ಕೊಡಗಿಗೇ ವಿಶೇಷವಾದ ಎರಡು ತೊಂದರೆ ಇವೆ. ಒಂದು ಪಲ್ಪರ್ ನೀರು: ನವೆಂಬರ್‌ನಿಂದ ಅರೇಬಿಕಾ ಕುಯ್ಲಿನ ಹೊತ್ತಿಗೆ ಹಣ್ಣು ಸುಲಿದ ನೀರು ತೋಡಿಗೆ ಬಿಟ್ಟರೆ ಹುಳಿವಾಸನೆ, ಕಂದು ನೊರೆ, ಆಮ್ಲಜನಕ ತೀರಾ ಕುಸಿಯುತ್ತದೆ. ಇನ್ನೊಂದು ಬೋರ್ಡೋ. ಕರಿಮೆಣಸಿಗೆ ಹೊಡೆಯುವ ಶೇಕಡಾ 1ರ ದ್ರಾವಣ ಎಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ನಮ್ಮ ನೀರು ಮೆದುವಾದದ್ದು, ಮೆದುನೀರಿನಲ್ಲಿ ತಾಮ್ರದ ವಿಷ ಹೆಚ್ಚು. ಡ್ರಮ್ ತೊಳೆದ ನೀರು ಎಲ್ಲಿಗೆ ಹರಿಯಿತು ಎಂದು ರೈಟರನ್ನು ಕೇಳಿ ಬರೆದುಕೊಳ್ಳಿ.

ಆವಾಸದ ಬಗ್ಗೆ ಎಷ್ಟು ಬರೆಯಬೇಕು?

ಬಲೆ ಹಾಕಿದ ಪ್ರತಿ ಪಟ್ಟಿಗೂ: ಆಳ, ತಳ, ಗಿಡ ಎಷ್ಟು ಪಾಲು ಮುಚ್ಚಿದೆ, ಮರದ ನೆರಳು, ದಡದಲ್ಲಿ ಏನಿದೆ. ಹೂಳನ್ನು ಕಣ್ಣಂದಾಜಿನಲ್ಲಿ ಬರೆಯಬೇಡಿ. ಬೆರಳು ದಪ್ಪದ ಸರಳನ್ನು ಹತ್ತು ಕಡೆ ಗಟ್ಟಿ ತಳದವರೆಗೆ ಒತ್ತಿ ಸರಾಸರಿ ತೆಗೆಯಿರಿ. 2018ರ ಆಗಸ್ಟ್‌ನ ಭೂಕುಸಿತದಿಂದ ಮಡಿಕೇರಿ ಸುತ್ತಲಿನ ಎಷ್ಟೋ ತೋಡುಗಳ ಜಲ್ಲಿ ತಳದ ಮೇಲೆ ಮಣ್ಣು ಕೂತಿದೆ, ಕಲ್ಲಿನ ಸಂದಿಯಲ್ಲಿ ಬದುಕುವ ಮೀನಿಗೆ ಅಲ್ಲಿ ಜಾಗವೇ ಇಲ್ಲ. ಕೆಳಗಿನ ಗದ್ದೆಯಲ್ಲಿ ಈಗಲೂ ಭತ್ತವಿದೆಯೇ, ಪಾಳು ಬಿಟ್ಟಿದ್ದಾರೆಯೇ, ಅಡಿಕೆಯೋ ಶುಂಠಿಯೋ ಬಂದಿದೆಯೇ ಎಂಬುದು ಮರೆಯದೆ ಬರೆಯಬೇಕಾದ ಸಾಲು.

ಮೀನು ಸಿಗಲಿಲ್ಲ ಎಂದರೆ ಆ ಕೆರೆಯಲ್ಲಿ ಇಲ್ಲವೇ?

ಒಂದು ಭೇಟಿಯಿಂದ ಹಾಗೆ ಹೇಳಲಾಗದು. ಇರುವ ಮೀನು ಒಂದು ಭೇಟಿಯಲ್ಲಿ ಬಲೆಗೆ ಬೀಳುವ ಸಂಭವ 30% ಎಂದುಕೊಳ್ಳಿ. ಮೂರು ಭೇಟಿಯಲ್ಲೂ ತಪ್ಪಿಸಿಕೊಳ್ಳುವ ಸಂಭವ 34%, ಆರರಲ್ಲಿ 12%, ಒಂಬತ್ತರಲ್ಲಿ 4%. ಹಾಗಾಗಿ ನಮೂನೆಯಲ್ಲಿ "ಇಲ್ಲ" ಎಂಬ ಕಾಲಂ ಇರಕೂಡದು, "ಇಷ್ಟು ಶ್ರಮಕ್ಕೆ ಸಿಗಲಿಲ್ಲ" ಎಂದಿರಬೇಕು. ಹಣವಿದ್ದರೆ ನೀರಿನ ಡಿಎನ್ಎ ಪರೀಕ್ಷೆ ಜೊತೆಗಿರಲಿ: ಬಲೆ ಇಳಿಸುವ ಮೊದಲೇ, ಹೊಸ ಕೈಗವಸು ಹಾಕಿ, ಮೂರು ಕಡೆ ತಲಾ 1 ಲೀಟರ್ ನೀರನ್ನು 0.45 ಮೈಕ್ರಾನ್ ಶೋಧಕದಲ್ಲಿ ಸೋಸಿ, ಶೋಧಕವನ್ನು ಇಥೆನಾಲ್‌ನಲ್ಲಿಡಿ. ಅದೇ ವಿಧಾನದಲ್ಲಿ ಒಂದು ಲೀಟರ್ ಬಾಟಲಿ ನೀರನ್ನೂ ಸೋಸಿಡಬೇಕು. ಅದರಲ್ಲೂ ಮೀನು "ಸಿಕ್ಕರೆ" ಕಲಬೆರಕೆಯಾಗಿದೆ ಎಂದರ್ಥ. ಕಾಫಿ ಎಲೆ ಕೊಳೆತ ಕೆಂಪು ನೀರು ಶೋಧಕವನ್ನು ಬೇಗ ಕಟ್ಟುತ್ತದೆ, ಪರೀಕ್ಷೆಗೂ ಅಡ್ಡಿ ಮಾಡುತ್ತದೆ.

ಮಾದರಿ ಇಟ್ಟುಕೊಳ್ಳಬಹುದೇ?

ಪರವಾನಗಿಯಲ್ಲಿ ಬರೆದಿದ್ದರೆ ಮಾತ್ರ. ಹೆಚ್ಚಿನ ಕೆಲಸಕ್ಕೆ ಬಲಬದಿಯ ಹೊಟ್ಟೆರೆಕ್ಕೆಯ 2–3 ಮಿ.ಮೀ. ತುಣುಕು ಇಥೆನಾಲ್‌ನಲ್ಲಿದ್ದರೆ ಸಾಕು. ಎಡಬದಿ ಚಿತ್ರಕ್ಕೆ ಹಾಗೇ ಉಳಿಯಲಿ.

ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವಾಗ?

ಬಲೆ, ಬೂಟು, ಬಕೆಟ್ ತೊಳೆದು ಎರಡು ದಿನ ಬಿಸಿಲಿಗೆ ಹಾಕಿ. ಮೀನಿನ ಹುಣ್ಣುರೋಗದ ರೋಗಾಣು, ಸಾಲ್ವೀನಿಯಾ ಎಂಬ ತೇಲುಕಳೆಯ ಒಂದು ಚೂರು, ಗ್ಯಾಂಬೂಸಿಯಾದ ಒಂದು ಬಸುರಿ ಹೆಣ್ಣು, ಮೂರೂ ಒದ್ದೆ ಬಲೆಯಲ್ಲಿ ಪ್ರಯಾಣ ಮಾಡುತ್ತವೆ. ದಿನಕ್ಕೆ ಎರಡು ಕೆರೆ ಮಾಡಬೇಕಿದ್ದರೆ ಎರಡು ಜೊತೆ ಬಲೆ ಇರಲಿ.

ನಮಗೆ ಅಪಾಯವೇನು?

ಆನೆ ಎಲ್ಲಕ್ಕಿಂತ ಮೊದಲು. ಬೆಳಗಿನ ಜಾವ ಕೆರೆಗೆ ಇಳಿಯುವ ಮುನ್ನ ಆ ರಾತ್ರಿ ಆನೆ ಬಂದಿತ್ತೇ ಎಂದು ತೋಟದ ಕಾರ್ಮಿಕರ ಲೈನ್‌ಮನೆಯವರನ್ನು ಕೇಳಿ. ಕಾಲಿನಲ್ಲಿ ಗಾಯವಿದ್ದರೆ ನೀರಿಗೆ ಇಳಿಯಬೇಡಿ, ಇಲಿಜ್ವರ ಬರುವುದು ಹಾಗೆ. ಚೇಳುಮೀನು ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿ, ಸುಮಾರು 45 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಿ. ಊತ ಏರುತ್ತಿದ್ದರೆ ಆಸ್ಪತ್ರೆ. ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯುವುದು ಕಾಫಿಗೆ ಮಾತ್ರ ಅಲ್ಲ.

ಸಿಕ್ಕ ಜಾಗವನ್ನು ಎಲ್ಲರಿಗೂ ತಿಳಿಸಬಹುದೇ?

ಯಾವ ಮೀನು ಎಂಬುದರ ಮೇಲೆ ಹೋಗುತ್ತದೆ. ಕೇರಳದ ಹೊಳೆಗಳಿಂದ ಮಿಸ್ ಕೇರಳ ಎಂಬ ಗೆರೆಗೆಂಪು ಮೀನನ್ನು ಅಕ್ವೇರಿಯಂ ವ್ಯಾಪಾರಕ್ಕೆ ರಾಶಿಗಟ್ಟಲೆ ಹಿಡಿದದ್ದು ಎಲ್ಲರಿಗೂ ಗೊತ್ತು. ನಮ್ಮಲ್ಲೂ ಬಣ್ಣದ ಮೀನಿಗೆ ಗಿರಾಕಿಗಳಿದ್ದಾರೆ. ಇಂಥವುಗಳ ಅಕ್ಷಾಂಶ ರೇಖಾಂಶವನ್ನು ಸಾರ್ವಜನಿಕವಾಗಿ ಹಾಕುವಾಗ ದಶಮಾಂಶದ ಒಂದೇ ಸ್ಥಾನಕ್ಕೆ ಇಳಿಸಿ, ಆಗ ಜಾಗ ಸುಮಾರು 11 ಕಿ.ಮೀ.ನಷ್ಟು ಮಸುಕಾಗುತ್ತದೆ. ಪೂರ್ತಿ ವಿವರವನ್ನು ಕೆರೆಯ ಮಾಲೀಕರಿಗೆ ಮತ್ತು ಅನುಮತಿ ಕೊಟ್ಟ ಕಚೇರಿಗೆ ಕೊಡಿ. ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಗೆ ಮೀನಿನ ಹೆಸರು, ಊರಿನ ಹೆಸರು ಸಾಕು. ಯಾವ ತೋಟ, ಯಾವ ಕೋಡಿ ಎಂಬುದು ಬೇಡ. ಚಿತ್ರವನ್ನು ವಾಟ್ಸಾಪ್ ಗುಂಪಿಗೆ ಹಾಕುವ ಮೊದಲು ಫೋನಿನ ಕ್ಯಾಮೆರಾ ಅದರೊಳಗೆ ಬರೆದಿಟ್ಟ ಸ್ಥಳದ ಗುರುತನ್ನು ಅಳಿಸಿ, ಹಿನ್ನೆಲೆಯಲ್ಲಿ ತೋಟದ ಬೋರ್ಡು ಬಂದಿದೆಯೇ ಎಂದೂ ನೋಡಿಕೊಳ್ಳಿ.